ತೆರೆಯ ಮೇಲಿನ ಕಾಡು

ನಡೆದ ಘಟನೆಗಳನ್ನಾಧರಿಸಿದ ರೋಮಾಂಚಕ ಚಿತ್ರವೊಂದು ಇತಿಹಾಸಕ್ಕೆ ಎಷ್ಟು ಋಣಿಯಾಗಿರಬೇಕು? ಕೊಳ್ಳೇಗಾಲ, ಹನೂರು, ಯಳಂದೂರಿನವರಿಗೆ ಇದು ಕೇವಲ ರಸಚರ್ಚೆಯಲ್ಲ. ವೀರಪ್ಪನ್ ಕುರಿತ ‘ಅಟ್ಟಹಾಸ’ 2013ರಲ್ಲಿ, ‘ಕಿಲ್ಲಿಂಗ್ ವೀರಪ್ಪನ್’ 2016ರಲ್ಲಿ ತೆರೆಕಂಡವು. ದಶಕಗಳ ಕಥೆಯನ್ನು ಎರಡು ಮೂರು ಗಂಟೆಗಳಿಗೆ ಇಳಿಸುವಾಗ ಕೆಲವು ಸಂಗತಿಗಳು ಬಿಟ್ಟುಹೋಗುವುದು ಸಹಜ; ಅದನ್ನು ಯಾರೂ ಆಕ್ಷೇಪಿಸಲಾರರು. ಆದರೆ ಬಿಟ್ಟುಹೋಗುವುದು ಏನು ಎಂಬುದೇ ಪ್ರಶ್ನೆ.

ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ನೆನೆಯೋಣ. ಇಂದು ಹನೂರು ತಾಲ್ಲೂಕಿಗೆ ಸೇರಿದ ಗೋಪಿನಾಥಂನಲ್ಲಿ ಅವರು ಜನರ ನಡುವೆ ಬಾಳಿ, ರೋಗಿಗಳಿಗೆ ಔಷಧೋಪಚಾರದ ಏರ್ಪಾಡು ಮಾಡಿ, ಮಾರಿಯಮ್ಮನ ಗುಡಿ ಕಟ್ಟಿಸಿದರು. ಶರಣಾಗತಿಯ ಮಾತನ್ನು ನಂಬಿ ನಿರಾಯುಧರಾಗಿ ಹೋದವರು 1991ರ ನವೆಂಬರ್ 10ರಂದು ಹತರಾದರು. ಕೊಲೆಗೆ ತೆರೆಯ ಮೇಲೆ ನಿಮಿಷವೊಂದು ಸಾಕು. ವಿಶ್ವಾಸ ಗಳಿಸಿದ ತಾಳ್ಮೆಗೆ ಅಲ್ಲಿ ಎಡೆಯೆಲ್ಲಿ?

ಇನ್ನೊಂದು ತೊಡಕು ಸಂಶಯದ್ದು. 2002ರ ಆಗಸ್ಟ್ 25ರಂದು ಕಾಮಗೆರೆಯಿಂದ ಅಪಹೃತರಾದ ಮಾಜಿ ಸಚಿವ ಎಚ್. ನಾಗಪ್ಪನವರು ಡಿಸೆಂಬರ್ 8ರಂದು ಶವವಾಗಿ ದೊರೆತರು. ಗುಂಡು ಯಾರದೆಂಬ ವಿವಾದವೆದ್ದಿತು. ಬರಹಗಾರನು ‘ಇರಬಹುದು’ ಎಂದು ಬರೆಯಬಲ್ಲ. ಕ್ಯಾಮೆರಾ ಮಾತ್ರ ಗುಂಡು ಹಾರಿಸಿದ ಕೈಯನ್ನು ತೋರಿಸಿಯೇ ತೀರುತ್ತದೆ. ನೋಡಿದವನಿಗೆ ಅದೇ ಇತಿಹಾಸವಾಗುತ್ತದೆ.

ಆದುದರಿಂದ ದಿನಾಂಕಗಳು ಸರಿಯಾಗಿದ್ದ ಮಾತ್ರಕ್ಕೆ ಚಿತ್ರ ಸತ್ಯವಾಗದು. ಅಳಿದವರ ಮನೆಯವರು ಇನ್ನೂ ಈ ಊರುಗಳಲ್ಲಿದ್ದಾರೆ. ಅವರ ನಡುವೆ ಕುಳಿತು ನೋಡಲು ನಿರ್ದೇಶಕನಿಗೆ ಸಂಕೋಚವಾಗದಂತಹ ಚಿತ್ರವೇ ಇತಿಹಾಸದ ಋಣವನ್ನು ತೀರಿಸೀತು.