ಬಿಳಿಸೆರಗಿನ ನವೆ ಮತ್ತು ಬೆಳಕಿನ ಚಿಕಿತ್ಸೆ



ಹೇಳಿಕೊಳ್ಳಲು ನಾಚುವ ಒಂದು ಕಾಯಿಲೆಯ ವಿಷಯವಾಗಿ ಇಂದು ನಿಮ್ಮೊಡನೆ ಕೆಲವು ಮಾತುಗಳನ್ನಾಡಬಯಸುತ್ತೇನೆ. ಸ್ತ್ರೀಯರ ಗುಪ್ತಾಂಗದಲ್ಲಿ ವಿಪರೀತ ನವೆ, ಉರಿ ಹಾಗೂ ಒಡೆದ ಹಾಲಿನಂತಹ ಗಟ್ಟಿಯಾದ ಬಿಳಿಯ ಸ್ರಾವ ಇದರ ಲಕ್ಷಣಗಳು. ಕ್ಯಾಂಡಿಡಾ ಎಂಬ ಯೀಸ್ಟ್ ಜಾತಿಯ ಶಿಲೀಂಧ್ರವೇ ಇದಕ್ಕೆ ಕಾರಣ. ಆರೋಗ್ಯವಂತರ ದೇಹದಲ್ಲಿಯೂ ಇದು ಅಲ್ಪ ಪ್ರಮಾಣದಲ್ಲಿರುತ್ತದೆ. ಗರ್ಭ ಧರಿಸಿದಾಗ, ಸಕ್ಕರೆ ಕಾಯಿಲೆಯಿದ್ದಾಗ ಅಥವಾ ಆಂಟಿಬಯೋಟಿಕ್ ಔಷಧಿ ಸೇವಿಸಿದಾಗ ಮಿತಿಮೀರಿ ಬೆಳೆಯುತ್ತದೆ.

ಪ್ರತಿ 4 ಮಂದಿ ಸ್ತ್ರೀಯರಲ್ಲಿ ಸುಮಾರು 3 ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಈ ಸೋಂಕು ತಗಲುತ್ತದೆ. ಇದನ್ನು ಲೈಂಗಿಕ ರೋಗವೆಂದು ವೈದ್ಯರು ಎಣಿಸುವುದಿಲ್ಲ. ಆದುದರಿಂದ ಪತಿಯು ಪತ್ನಿಯ ನಡತೆಯನ್ನು ಶಂಕಿಸುವುದಾಗಲಿ, ಪತ್ನಿಯು ಪತಿಯನ್ನು ದೂಷಿಸುವುದಾಗಲಿ ಸಲ್ಲದು. ಇಂತಹ ಅನುಮಾನಕ್ಕೆ ಅಂಜಿ ಎಷ್ಟೋ ತಾಯಂದಿರು ತಿಂಗಳುಗಟ್ಟಲೆ ನೋವು ನುಂಗಿಕೊಂಡಿರುತ್ತಾರೆ.

ಈ ಕಾಯಿಲೆಯನ್ನು ಬೆಳಕು ಬಿಟ್ಟು ವಾಸಿಮಾಡಬಹುದೇ ಎಂಬ ಪ್ರಶ್ನೆಯುಂಟು. ಬೆಳಕಿಗೆ ರೋಗಾಣುಗಳನ್ನು ಕೊಲ್ಲುವ ಶಕ್ತಿ ಇರುವುದು ನಿಜ. ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ನೀಡಿದ ಡೆನ್ಮಾರ್ಕಿನ ವೈದ್ಯ ನೀಲ್ಸ್ ಫಿನ್ಸೆನ್ ಅವರಿಗೆ 1903ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇಂದು ಶಿಲೀಂಧ್ರದ ಮೇಲೆ ಪ್ರಯೋಗಿಸುತ್ತಿರುವ ವಿಧಾನ ಇನ್ನೊಂದು ಬಗೆಯದು. ಮೆಥಿಲೀನ್ ನೀಲಿಯಂತಹ ಬಣ್ಣವನ್ನು ಸೋಂಕಿನ ಜಾಗಕ್ಕೆ ಹಚ್ಚಿ, ಅದಕ್ಕೆ ತಕ್ಕ ಕೆಂಪು ಬೆಳಕನ್ನು ಬಿಡುತ್ತಾರೆ. ಬಣ್ಣವು ಬೆಳಕಿನ ಶಕ್ತಿಯನ್ನು ಹೀರಿ ಅಲ್ಲಿಯ ಆಮ್ಲಜನಕವನ್ನು ಉಗ್ರಗೊಳಿಸುತ್ತದೆ. ಅದು ಶಿಲೀಂಧ್ರವನ್ನು ನಾಶಪಡಿಸುತ್ತದೆ. ಕೆಲವು ಶಿಲೀಂಧ್ರಗಳು ಔಷಧಿಗಳಿಗೆ ಬಗ್ಗದಂತಾಗಿರುವುದರಿಂದ ವಿಜ್ಞಾನಿಗಳು ಈ ಮಾರ್ಗವನ್ನು ಅರಸುತ್ತಿದ್ದಾರೆ. ಕಟ್ಟಿಸಿದ ಹಲ್ಲು ಧರಿಸುವವರ ಬಾಯಿಯ ಸೋಂಕಿಗೆ ಬ್ರೆಜಿಲ್ ದೇಶದಲ್ಲಿ ಹೀಗೆ ಚಿಕಿತ್ಸೆ ನೀಡಿದಾಗ, ನಿಸ್ಟಾಟಿನ್ ಔಷಧಿಯಷ್ಟೇ ಗುಣ ಕಂಡಿತೆಂದು 2012ರಲ್ಲಿ ಪ್ರಕಟವಾಯಿತು.

ಆದರೆ ಯೋನಿಯ ಸೋಂಕಿಗೆ ಈ ಚಿಕಿತ್ಸೆ ಇನ್ನೂ ಸಂಶೋಧನೆಯ ಹಂತದಲ್ಲಿದೆ. ಲೇಸರ್ ಮೊದಲಾದ ಉಪಕರಣಗಳನ್ನು ಯೋನಿಯ ತೊಂದರೆಗಳಿಗೆ ಮನಬಂದಂತೆ ಬಳಸುವುದರಿಂದ ಸುಟ್ಟಗಾಯ, ಕಲೆಗಟ್ಟುವಿಕೆ ಹಾಗೂ ನೋವು ಉಂಟಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2018ರಲ್ಲಿ ಎಚ್ಚರಿಸಿದೆ. ಆದ್ದರಿಂದ ಬೆಳಕಿನ ಯಂತ್ರವೆಂದು ಯಾರಾದರೂ ಹೇಳಿದೊಡನೆ ಸಾಲಮಾಡಿ ಹಣ ತೆರಬೇಡಿರಿ. ಮನೆಯಲ್ಲಿ ದೀಪ ಹಿಡಿದು ಪ್ರಯೋಗ ಮಾಡಲೂ ಬೇಡಿರಿ.

ಅಗ್ಗವಾದ, ಪರೀಕ್ಷಿತವಾದ ಔಷಧಿ ನಮ್ಮಲ್ಲಿಯೇ ಇದೆ. ಕ್ಲೋಟ್ರಿಮಜೋಲ್ 500 ಮಿಲಿಗ್ರಾಂ ಮಾತ್ರೆಯೊಂದನ್ನು ರಾತ್ರಿ ಮಲಗುವಾಗ ಯೋನಿಯೊಳಗೆ ಇಟ್ಟುಕೊಳ್ಳಬೇಕು. ಇಲ್ಲವೇ ವೈದ್ಯರ ಸಲಹೆಯಂತೆ ಫ್ಲುಕೊನಜೋಲ್ 150 ಮಿಲಿಗ್ರಾಂ ಗುಳಿಗೆಯೊಂದನ್ನು ನುಂಗಬೇಕು. ಬಹುಮಂದಿಗೆ ಇಷ್ಟರಿಂದಲೇ ಕೆಲವು ದಿನಗಳಲ್ಲಿ ಗುಣವಾಗುತ್ತದೆ. ಗರ್ಭಿಣಿಯರು ಗುಳಿಗೆ ನುಂಗಕೂಡದು. ಅವರಿಗೆ ಒಳಗಿಡುವ ಔಷಧಿಯನ್ನು 7 ದಿನ ಕೊಡಲಾಗುತ್ತದೆ.

ಕುಟುಂಬ ಯೋಜನೆ ಅನುಸರಿಸುವವರು ಗಮನಿಸಿರಿ: ಒಳಗೆ ಹಚ್ಚುವ ಎಣ್ಣೆಯಂಶದ ಮುಲಾಮುಗಳು ನಿರೋಧನ್ನು ದುರ್ಬಲಗೊಳಿಸುತ್ತವೆ. ಆ ದಿನಗಳಲ್ಲಿ ಸಂಯಮದಿಂದಿರುವುದು ಲೇಸು. ಕಾಪರ್-ಟಿ ತೆಗೆಸುವುದನ್ನಾಗಲಿ, ಮಾತ್ರೆ ನಿಲ್ಲಿಸುವುದನ್ನಾಗಲಿ ವೈದ್ಯರನ್ನು ಕೇಳದೆ ಮಾಡಬೇಡಿರಿ.

ಬಿಳಿಸೆರಗೆಲ್ಲವೂ ಶಿಲೀಂಧ್ರದಿಂದಲೇ ಬರುವುದಿಲ್ಲ. ದುರ್ವಾಸನೆಯ ಅಥವಾ ಹಳದಿ ಸ್ರಾವ, ಕಿಬ್ಬೊಟ್ಟೆಯ ನೋವು, ಸಂಭೋಗದ ನಂತರ ರಕ್ತ ಕಾಣಿಸುವುದು ಬೇರೆ ರೋಗಗಳ ಸೂಚನೆಗಳು. ಗರ್ಭಕಂಠದ ಕ್ಯಾನ್ಸರಿನಲ್ಲಿಯೂ ಹೀಗಾಗಬಹುದು; ತಡಮಾಡಿದರೆ ಪ್ರಾಣಕ್ಕೇ ಅಪಾಯ. ವರ್ಷದಲ್ಲಿ 3 ಬಾರಿ ನವೆ ಮರುಕಳಿಸಿದರೆ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಿರಿ. ಪತಿಗೂ ನವೆ, ಕೆಂಪು ಕಂಡರೆ ಅವರೂ ತೋರಿಸಿಕೊಳ್ಳಬೇಕು.

ಒಳಭಾಗವನ್ನು ಸೋಪು, ಡೆಟಾಲಿನಿಂದ ತೊಳೆಯಬೇಡಿರಿ. ಹತ್ತಿಯ ಒಳಉಡುಪನ್ನೂ ಮುಟ್ಟಿನ ಬಟ್ಟೆಯನ್ನೂ ಮೂಲೆಯಲ್ಲಿ ಬಚ್ಚಿಟ್ಟು ಒಣಗಿಸದೆ, ಬಿಸಿಲಿನಲ್ಲಿ ಹರವಿ ಚೆನ್ನಾಗಿ ಒಣಗಿಸಿರಿ.

ನಿಮ್ಮ ಊರಿನ ಆಶಾ ಕಾರ್ಯಕರ್ತೆಯೊಡನೆ ಮಾತನಾಡಿರಿ. ಪತಿಪತ್ನಿಯರಿಬ್ಬರೂ ಕೂಡಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ನೀವು ಹೇಳಿದ್ದನ್ನು ವೈದ್ಯರು ಗುಟ್ಟಾಗಿಯೇ ಇಡುತ್ತಾರೆ.