ಟಿಕೆಟ್ ಕೊಡುವವರು ಯಾರು? – ಅಮೆರಿಕದ ಪ್ರೈಮರಿ ಚುನಾವಣೆ



ಅಮೆರಿಕದ ಚುನಾವಣೆ ಎಂದರೆ ನಮಗೆ ನವೆಂಬರ್ ತಿಂಗಳ ಸುದ್ದಿ. ಯಾರು ಗೆದ್ದರು, ಯಾರು ಸೋತರು ಎಂದು ಓದಿ ಪತ್ರಿಕೆ ಮಡಚಿಡುತ್ತೇವೆ. ಆದರೆ ಆ ಇಬ್ಬರು ಕಣಕ್ಕೆ ಬಂದದ್ದಾದರೂ ಹೇಗೆ? ನಮ್ಮಲ್ಲಿ ಟಿಕೆಟ್ ಹಂಚುವುದು ಪಕ್ಷದ ವರಿಷ್ಠರು. ಬಿ ಫಾರಂ ಕೈಸೇರುವವರೆಗೆ ಆಕಾಂಕ್ಷಿಗಳು ಬೆಂಗಳೂರು, ದೆಹಲಿ ಎಂದು ಅಲೆಯುವುದನ್ನು ನೀವು ಕಂಡಿದ್ದೀರಿ. ಅಮೆರಿಕದಲ್ಲಿ ಅದಕ್ಕೂ ಮತದಾನವಿದೆ. ಅದೇ ಪ್ರೈಮರಿ.

ಇದರ ಬೆಲೆ ತಿಳಿಯಬೇಕಾದರೆ ಇದರಿಂದ ಹೊರಗುಳಿದಿದ್ದವರ ಕಥೆ ಕೇಳಬೇಕು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಟೆಕ್ಸಾಸ್ ಮುಂತಾದ ದಕ್ಷಿಣದ ರಾಜ್ಯಗಳಲ್ಲಿ ಡೆಮಾಕ್ರಟಿಕ್ ಪಕ್ಷದ್ದೇ ಆಳ್ವಿಕೆ. ಅದರ ಪ್ರೈಮರಿಯಲ್ಲಿ ಗೆದ್ದವನು ನವೆಂಬರಿನಲ್ಲಿ ಗೆದ್ದಂತೆಯೇ. ಆ ಪ್ರೈಮರಿಯಲ್ಲಿ ಮತ ಹಾಕಲು ಬಿಳಿಯರಿಗೆ ಮಾತ್ರ ಅವಕಾಶವಿತ್ತು. ಕಪ್ಪು ಜನಾಂಗದವರು ನವೆಂಬರಿನಲ್ಲಿ ಬೇಕಾದರೆ ಬಂದು ಮತ ಹಾಕಲಿ, ಅಷ್ಟರಲ್ಲಿ ಎಲ್ಲವೂ ತೀರ್ಮಾನವಾಗಿರುತ್ತಿತ್ತು! ಹ್ಯೂಸ್ಟನ್ನಿನ ದಂತವೈದ್ಯ ಲೋನಿ ಸ್ಮಿತ್ ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. ಪಕ್ಷವೆಂಬುದು ಖಾಸಗಿ ಸಂಘ, ಅದರ ಸದಸ್ಯರು ಯಾರಿರಬೇಕೆಂಬುದು ಸಂಘದ ಇಷ್ಟ ಎಂಬುದು ಎದುರು ಪಕ್ಷದ ವಾದ. 1944ರಲ್ಲಿ ಸುಪ್ರೀಂ ಕೋರ್ಟ್ ಈ ವಾದವನ್ನು ತಳ್ಳಿಹಾಕಿತು. ಪ್ರೈಮರಿಯೂ ಚುನಾವಣೆಯ ಭಾಗವೇ ಎಂದಿತು. ಸ್ಮಿತ್ ಪರವಾಗಿ ವಾದಿಸಿದವರಲ್ಲಿ ಒಬ್ಬರು ಥರ್ಗುಡ್ ಮಾರ್ಷಲ್. ಮುಂದೆ 1967ರಲ್ಲಿ ಅದೇ ನ್ಯಾಯಾಲಯದ ಮೊದಲ ಕಪ್ಪು ನ್ಯಾಯಮೂರ್ತಿಯಾದವರು ಅವರೇ. ಕಾನೂನು ಓದುವ ವಿದ್ಯಾರ್ಥಿಗಳು ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ತೀರ್ಪು ಬಂದ ಮಾತ್ರಕ್ಕೆ ಬಾಗಿಲು ತೆರೆಯಲಿಲ್ಲ. ಮಿಸಿಸಿಪ್ಪಿಯ ಹತ್ತಿ ತೋಟದಲ್ಲಿ ದುಡಿಯುತ್ತಿದ್ದ ಫ್ಯಾನಿ ಲೂ ಹೇಮರ್ ಎಂಬ ಮಹಿಳೆ 1962ರಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದರು. ಅಷ್ಟಕ್ಕೇ ಅವರನ್ನು ತೋಟದಿಂದ ಹೊರಹಾಕಲಾಯಿತು. ಮರುವರ್ಷ ಜೈಲಿನಲ್ಲಿ ಕ್ರೂರವಾಗಿ ಹೊಡೆಯಲಾಯಿತು. 1964ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಡೆಮಾಕ್ರಟರ ರಾಷ್ಟ್ರೀಯ ಸಮಾವೇಶ ನಡೆದಾಗ ಆಕೆ ಮತ್ತು ಸಂಗಡಿಗರು ಅಲ್ಲಿಗೆ ಬಂದರು. ಬಿಳಿಯರೇ ತುಂಬಿರುವ ಮಿಸಿಸಿಪ್ಪಿ ನಿಯೋಗ ನಮ್ಮನ್ನು ಪ್ರತಿನಿಧಿಸುವುದಿಲ್ಲ ಎಂಬುದು ಅವರ ದೂರು. ಆಕೆ ಸಮಿತಿಯ ಮುಂದೆ ಸಾಕ್ಷಿ ಹೇಳುತ್ತಿದ್ದಾಗ ಅಧ್ಯಕ್ಷ ಜಾನ್ಸನ್ ಟಿ.ವಿ. ಕ್ಯಾಮೆರಾಗಳನ್ನು ತಮ್ಮ ಕಡೆಗೆ ಸೆಳೆಯಲು ತರಾತುರಿಯಲ್ಲಿ ಪತ್ರಕರ್ತರನ್ನು ಕರೆದರು. ಆದರೂ ಆ ಸಾಕ್ಷ್ಯವನ್ನು ಅಂದು ಸಂಜೆ ದೇಶವೇ ನೋಡಿತು. ಪಕ್ಷ ಎರಡು ಸ್ಥಾನ ಕೊಡುತ್ತೇನೆಂದಿತು. ಅವರು ಒಪ್ಪಲಿಲ್ಲ.

1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಯಲ್ಲೂ ಸ್ಪರ್ಧಿಸದೆ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಪಕ್ಷದ ಮುಖಂಡರ ಕೈಯಲ್ಲಿದ್ದ ಪ್ರತಿನಿಧಿಗಳೇ ಅವರಿಗೆ ಸಾಕಾದರು. ಷಿಕಾಗೊ ಸಮಾವೇಶದ ಹೊರಗೆ ಯುವಕರ ಮೇಲೆ ಲಾಠಿ ಬೀಸಲಾಯಿತು. ಈ ಅವಮಾನದ ನಂತರವೇ ಪಕ್ಷ ನಿಯಮಗಳನ್ನು ತಿದ್ದಿದ್ದು. 1972ರಿಂದ ಪ್ರೈಮರಿಗಳ ಸಂಖ್ಯೆ ಬೆಳೆಯುತ್ತಾ ಹೋಯಿತು. ರಿಪಬ್ಲಿಕನ್ ಪಕ್ಷವೂ ಅದೇ ದಾರಿಗೆ ಬಂತು.

ಈಗಿನ ಕ್ರಮ ಸ್ಥೂಲವಾಗಿ ಹೀಗಿದೆ. ಅಧ್ಯಕ್ಷ ಚುನಾವಣೆಯ ವರ್ಷದ ಆರಂಭದಿಂದ ಬೇಸಿಗೆಯವರೆಗೆ ಒಂದೊಂದೇ ರಾಜ್ಯದಲ್ಲಿ ಪ್ರೈಮರಿ ನಡೆಯುತ್ತದೆ. ಕೆಲವು ರಾಜ್ಯಗಳಲ್ಲಿ ಅದರ ಬದಲು ಕಾಕಸ್ ಎಂಬ ಸಭೆ ಸೇರುತ್ತದೆ. ಮತಗಳ ಆಧಾರದ ಮೇಲೆ ಅಭ್ಯರ್ಥಿಗಳಿಗೆ ಪ್ರತಿನಿಧಿಗಳು ಹಂಚಿಕೆಯಾಗುತ್ತಾರೆ. ರಾಷ್ಟ್ರೀಯ ಸಮಾವೇಶದಲ್ಲಿ ಈ ಪ್ರತಿನಿಧಿಗಳ ಬಹುಮತ ಪಡೆದವರೇ ಅಭ್ಯರ್ಥಿ. ಡೆಮಾಕ್ರಟರಲ್ಲಿ ಶೇ. 15ಕ್ಕಿಂತ ಕಡಿಮೆ ಮತ ಪಡೆದರೆ ಪ್ರತಿನಿಧಿಗಳು ಸಿಗುವುದಿಲ್ಲ. ರಿಪಬ್ಲಿಕನ್ನರ ಹಲವು ರಾಜ್ಯಗಳಲ್ಲಿ ಮೊದಲು ಬಂದವರಿಗೇ ಎಲ್ಲ ಪ್ರತಿನಿಧಿಗಳೂ. ಮತ ಹಾಕಲು ಪಕ್ಷಕ್ಕೆ ಚಂದಾ ಕಟ್ಟಿ ಸದಸ್ಯರಾಗಬೇಕಿಲ್ಲ. ಕೆಲವು ರಾಜ್ಯಗಳಲ್ಲಿ ಮತದಾರರ ನೋಂದಣಿಯ ಸಮಯದಲ್ಲೇ ಪಕ್ಷದ ಹೆಸರು ಬರೆಸಿದರಾಯಿತು. ಮಿಷಿಗನ್ ರಾಜ್ಯದಲ್ಲಿ ಅದೂ ಬೇಡ, ಯಾವ ಪಕ್ಷದ ಮತಪತ್ರ ಬೇಕೆಂದು ಕೇಳಿ ಪಡೆಯಬಹುದು.

ಮಿಷಿಗನ್ನಿನ ಮಾತು ಬಂತಲ್ಲ, ಅಲ್ಲಿನದೇ ಒಂದು ಉದಾಹರಣೆ ನೋಡಿ. ಸಂಸತ್ತಿನ ಸ್ಥಾನಗಳಿಗೂ ಪ್ರೈಮರಿಯೇ ದಾರಿ. ಡೆಟ್ರಾಯಿಟ್ ಸುತ್ತಲಿನ ಕ್ಷೇತ್ರದಲ್ಲಿ 2018ರ ಆಗಸ್ಟ್‌ನಲ್ಲಿ ಡೆಮಾಕ್ರಟಿಕ್ ಟಿಕೆಟ್‌ಗಾಗಿ ಆರು ಮಂದಿ ಸ್ಪರ್ಧಿಸಿದರು. ಪ್ಯಾಲೆಸ್ತೀನ್ ಮೂಲದ ವಲಸಿಗರ ಮಗಳು ರಶೀದಾ ತ್ಲೈಬ್ ಶೇ. 31ರಷ್ಟು ಮತ ಪಡೆದು ಗೆದ್ದರು. ಅಂತರ ಕೇವಲ 900 ಮತ. ನವೆಂಬರಿನಲ್ಲಿ ರಿಪಬ್ಲಿಕನ್ ಅಭ್ಯರ್ಥಿಯೇ ಇರಲಿಲ್ಲ. ಅಂದರೆ ನಿಜವಾದ ಚುನಾವಣೆ ನಡೆದದ್ದು ಆಗಸ್ಟ್‌ನಲ್ಲಿ. ಅಂದು ಮನೆಯಲ್ಲಿ ಕುಳಿತವರು ಮೂರು ತಿಂಗಳ ನಂತರ ಬಂದು ಮಾಡುವುದೇನೂ ಉಳಿದಿರಲಿಲ್ಲ. ಮರುವಾರ ಮಿನೆಸೋಟದಲ್ಲಿ ಇಲ್ಹಾನ್ ಒಮರ್ ಪ್ರೈಮರಿ ಗೆದ್ದರು. ಅಮೆರಿಕದ ಸಂಸತ್ತಿಗೆ ಹೋದ ಮೊದಲ ಮುಸ್ಲಿಂ ಮಹಿಳೆಯರು ಇವರಿಬ್ಬರು.

ಪ್ರೈಮರಿಯಲ್ಲಿ ಯಾರನ್ನೂ ಆರಿಸದೆಯೂ ಮಾತನಾಡಬಹುದು. 2024ರ ಫೆಬ್ರವರಿ 27ರಂದು ಮಿಷಿಗನ್ನಿನ ಡೆಮಾಕ್ರಟಿಕ್ ಮತಪತ್ರದಲ್ಲಿ ‘ಯಾರಿಗೂ ಬದ್ಧರಲ್ಲ’ ಎಂಬ ಒಂದು ಆಯ್ಕೆಯಿತ್ತು. ಗಾಜಾ ಯುದ್ಧದ ಬಗ್ಗೆ ಅಧ್ಯಕ್ಷ ಬೈಡನ್ ಅವರ ನೀತಿಯನ್ನು ವಿರೋಧಿಸಿದವರು ಇದಕ್ಕೇ ಮತ ಹಾಕಿ ಎಂದು ಮನೆ ಮನೆಗೆ ಕರೆ ಮಾಡಿದರು. ಒಂದು ಲಕ್ಷಕ್ಕೂ ಹೆಚ್ಚು ಮತ ಬಿತ್ತು, ಅಂದರೆ ಶೇ. 13. ಅರಬ್ ಮೂಲದವರು ಹೆಚ್ಚಿರುವ ಡಿಯರ್‌ಬಾರ್ನ್ ನಗರದಲ್ಲಿ ಬೈಡನ್‌ಗಿಂತ ಈ ಆಯ್ಕೆಯೇ ಮುಂದೆ ಬಂತು. ರಾಜ್ಯದ ಮಟ್ಟದಲ್ಲಿ ಶೇ. 15 ಮುಟ್ಟದಿದ್ದರೂ ಕ್ಷೇತ್ರವಾರು ಲೆಕ್ಕದಲ್ಲಿ ಅವರಿಗೆ ಇಬ್ಬರು ಪ್ರತಿನಿಧಿಗಳು ದೊರೆತರು.

ಜುಲೈನಲ್ಲಿ ಬೈಡನ್ ಹಿಂದೆ ಸರಿದರು. ಹೊಸದಾಗಿ ಪ್ರೈಮರಿ ನಡೆಯಲಿಲ್ಲ, ಆಯ್ಕೆಯಾಗಿದ್ದ ಪ್ರತಿನಿಧಿಗಳೇ ಕಮಲಾ ಹ್ಯಾರಿಸ್ ಅವರನ್ನು ಅಭ್ಯರ್ಥಿಯಾಗಿ ಮಾಡಿದರು. ಆಗಸ್ಟ್‌ನಲ್ಲಿ ಷಿಕಾಗೊ ಸಮಾವೇಶಕ್ಕೆ ಈ ‘ಬದ್ಧರಲ್ಲದ’ ಪ್ರತಿನಿಧಿಗಳೂ ಬಂದರು. ಪ್ಯಾಲೆಸ್ತೀನ್ ಮೂಲದ ಅಮೆರಿಕನ್ನರೊಬ್ಬರಿಗೆ ವೇದಿಕೆಯಲ್ಲಿ ಮಾತನಾಡಲು ಅವಕಾಶ ಕೊಡಿ ಎಂಬುದು ಅವರ ಬೇಡಿಕೆ. ಪಕ್ಷ ಒಪ್ಪಲಿಲ್ಲ. ಅವರಲ್ಲಿ ಕೆಲವರು ಆ ರಾತ್ರಿಯನ್ನು ಸಭಾಂಗಣದ ಹೊರಗೆ ರಸ್ತೆ ಬದಿಯಲ್ಲೇ ಕುಳಿತು ಕಳೆದರು. ಫ್ಯಾನಿ ಲೂ ಹೇಮರ್ ಅಟ್ಲಾಂಟಿಕ್ ಸಿಟಿಗೆ ಬಂದು ಆಗ ಸರಿಯಾಗಿ 60 ವರ್ಷವಾಗಿತ್ತು.