ಲೆಕ್ಕಶಾಸ್ತ್ರದ ವಿದ್ಯಾರ್ಥಿಗೆ ದುಡಿಮೆಯೂ ಓದೂ

(ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಮಾಡಿದ ಭಾಷಣ)



ನಮ್ಮ ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆಗೆ ಲೆಕ್ಕ ಬಲ್ಲವರಿಗೆ ಕೆಲಸದ ಕೊರತೆಯಿಲ್ಲ. ಅಡತಿಯ ಅಂಗಡಿಯಿಂದ ಹಿಡಿದು ಚಾದರು, ಟವೆಲುಗಳ ಕಾರಖಾನೆಯವರೆಗೆ ಕೀರ್ದಿ-ಖತಾವಣಿ ಬರೆಯುವವರು ಬೇಕೇ ಬೇಕು. ಆದುದರಿಂದ ವಾಣಿಜ್ಯ ವಿಷಯವನ್ನು ಆಯ್ದುಕೊಂಡ ಮಕ್ಕಳ ಮನೆಗಳಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಹನ್ನೆರಡನೆಯ ಇಯತ್ತೆ ಮುಗಿದೊಡನೆ ಮಕ್ಕಳನ್ನು ನೌಕರಿಗೆ ಹಚ್ಚಿ, ಉಳಿದ ವೇಳೆಯಲ್ಲಿ ಓದಿಸಬೇಕೆ? ಅಥವಾ ಕಷ್ಟಪಟ್ಟಾದರೂ ಕೆಲವು ವರ್ಷ ಬರಿಯ ಓದಿಗೇ ಬಿಡಬೇಕೆ?

ಲೆಕ್ಕಶಾಸ್ತ್ರವು ವ್ಯಾಪಾರದ ಮಳಿಗೆಯಲ್ಲಿ ಹುಟ್ಟಿ, ಬಳಿಕ ಪುಸ್ತಕಕ್ಕೆ ಬಂದ ವಿದ್ಯೆ. 1494ರಲ್ಲಿ ಇಟಲಿಯ ಲೂಕಾ ಪಾಚೋಲಿ ಎಂಬ ಸಂನ್ಯಾಸಿಯು ಜೋಡಿ ನಮೂದಿನ ಪದ್ಧತಿಯನ್ನು ಅಚ್ಚಿನ ಗ್ರಂಥದಲ್ಲಿ ವಿವರಿಸಿದನು. ಆದರೆ ಅದು ಅವನು ಕಂಡುಹಿಡಿದುದಲ್ಲ. ವೆನಿಸಿನ ವರ್ತಕರು ಮೊದಲಿನಿಂದಲೂ ಬಳಸುತ್ತಿದ್ದುದು. ಆದುದರಿಂದ ಕೈಕೆಲಸವಿಲ್ಲದ ಓದು ಇಲ್ಲಿ ಅರೆಬೆಂದ ಅಡಿಗೆಯಿದ್ದಂತೆ. ಹಾಗೆಂದು ಓದಿಲ್ಲದ ರೂಢಿಯೂ ಬಹುಕಾಲ ಬಾಳದು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಹಳೆಯ ತೆರಿಗೆಯ ನಮೂನೆಗಳ ರೂಢಿ ಸಾಲದಾಯಿತು. ಇಂಥ ವೇಳೆಯಲ್ಲಿ ಕೈಹಿಡಿಯುವುದು ತತ್ತ್ವದ ತಿಳಿವಳಿಕೆಯೇ.

ಸಿ.ಎ. ಶಿಕ್ಷಣದ ಏರ್ಪಾಡನ್ನು ನೋಡಿರಿ. 1949ರ ಕಾಯದೆಯಂತೆ ಸ್ಥಾಪಿತವಾದ ಭಾರತೀಯ ಸನ್ನದು ಲೆಕ್ಕ ಪರಿಶೋಧಕರ ಸಂಸ್ಥೆಯು 2023ರಲ್ಲಿ ಹೊಸ ಯೋಜನೆಯನ್ನು ತಂದಿತು. ಅದರಂತೆ ಮೊದಲು ನಾಲ್ಕು ಪತ್ರಿಕೆಗಳ ಫೌಂಡೇಶನ್. ನಂತರ ಎರಡು ಗುಂಪುಗಳಲ್ಲಿ ಆರು ಪತ್ರಿಕೆಗಳ ಇಂಟರ್‌ಮೀಡಿಯೆಟ್. ಎರಡೂ ಗುಂಪುಗಳಲ್ಲಿ ತೇರ್ಗಡೆಯಾದ ಮೇಲೆ ಲೆಕ್ಕ ಪರಿಶೋಧಕರ ಕೈಕೆಳಗೆ ಎರಡು ವರ್ಷಗಳ ಆರ್ಟಿಕಲ್‌ಶಿಪ್. ಹಿಂದೆ ಇದು ಮೂರು ವರ್ಷಗಳದಾಗಿತ್ತು. ಅದು ಮುಗಿದು ಆರು ತಿಂಗಳಾದ ಮೇಲೆ ಅಂತಿಮ ಪರೀಕ್ಷೆ. ಎಂದರೆ ಮೊದಲು ಓದು, ನಡುವೆ ದುಡಿಮೆ, ಕೊನೆಗೆ ಮತ್ತೆ ಓದು. ಎರಡೂ ಬೇಕು, ಆದರೆ ಒಂದರ ಮೇಲೊಂದು ಹೇರದೆ, ಸರದಿಯಂತೆ ಬರಬೇಕು.

ಇದರ ಕಾರಣವನ್ನು ಜಮಾ-ಖರ್ಚಿನಿಂದಲೇ ತಿಳಿಯಬಹುದು. ವಾರಕ್ಕೆ 168 ಗಂಟೆಗಳ ಜಮೆ. ನಿದ್ರೆಗೆ 56, ಊಟ, ಸ್ನಾನ, ಪ್ರಯಾಣಗಳಿಗೆ 35 ಎಂದಿಟ್ಟುಕೊಳ್ಳೋಣ. ಆರ್ಟಿಕಲ್‌ಶಿಪ್‌ನ ಕೆಲಸ ವಾರಕ್ಕೆ 35 ಗಂಟೆ. ಓದಿಗೆ 42 ಗಂಟೆ ಉಳಿಯುವುದು. ಅದೇ ಹುಡುಗ ಅಂಗಡಿಯಲ್ಲಿ ದಿನಕ್ಕೆ ಹತ್ತು ಗಂಟೆಯಂತೆ ಆರು ದಿನ ದುಡಿದರೆ ಉಳಿಯುವುದು 17 ಗಂಟೆ ಮಾತ್ರ, ಅದೂ ದಣಿದ ದೇಹದ ಗಂಟೆಗಳು. ಇಷ್ಟರಲ್ಲೇ ಎರಡು ಗುಂಪುಗಳಿಗೂ ಒಮ್ಮೆಲೇ ಕುಳಿತು ನಪಾಸಾದರೆ, ದಡ್ಡನೆಂದು ಅವನನ್ನು ಹಳಿಯುವುದು ನ್ಯಾಯವಲ್ಲ. ತಪ್ಪಿದುದು ವೇಳೆಯ ಲೆಕ್ಕ.

ಆದುದರಿಂದ ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ: ಶಕ್ತಿಯಿದ್ದ ಮಟ್ಟಿಗೆ ಇಂಟರ್‌ಮೀಡಿಯೆಟ್ ಮುಗಿಯುವವರೆಗೆ ಮಕ್ಕಳನ್ನು ಓದಿಗೆ ಬಿಡಿರಿ. ಆರ್ಟಿಕಲ್‌ಶಿಪ್‌ನಲ್ಲಿ ಅಲ್ಪವಾದರೂ ವಿದ್ಯಾವೇತನ ಕೈಗೆ ಬರುವುದು. ಅಂಗಡಿಯಲ್ಲಿ ಬರೆದ ಲೆಕ್ಕವು ಎಷ್ಟೇ ವರ್ಷಗಳದಾದರೂ ಆರ್ಟಿಕಲ್‌ಶಿಪ್ ಎನಿಸದೆಂಬುದನ್ನೂ ಮರೆಯಬಾರದು.

ಆದರೆ ಮನೆಯ ಒಲೆಯೇ ಮಗುವಿನ ಗಳಿಕೆಯನ್ನು ಕಾಯುತ್ತಿದ್ದರೆ? ಅಂಥವರಿಗೂ ದಾರಿಯಿದೆ. 1989ರಲ್ಲಿ ಸ್ಥಾಪಿತವಾದ ನಾಸಿಕದ ಯಶವಂತರಾವ ಚವ್ಹಾಣ ಮುಕ್ತ ವಿಶ್ವವಿದ್ಯಾಲಯದಂಥ ಕಡೆ ದುಡಿಯುತ್ತಲೇ ಪದವಿ ಪಡೆಯಬಹುದು. 1959ರ ಕಾಯದೆಯಂತೆ ನಡೆಯುವ ವೆಚ್ಚ ಲೆಕ್ಕಿಗರ ಸಂಸ್ಥೆಯ ಪರೀಕ್ಷೆಗಳಿಗೆ ನೌಕರಿಯಲ್ಲಿದ್ದವರೂ ಕೂಡಬಹುದು. ಇವರು ಒಂದು ಸಲಕ್ಕೆ ಒಂದೇ ಗುಂಪನ್ನು ಕೈಗೆತ್ತಿಕೊಳ್ಳಲಿ. ವರ್ಷವೊಂದು ಹೆಚ್ಚಾದರೆ ನಾಚಿಕೆಯಿಲ್ಲ. ಓದಿಗೆ ದಿನಕ್ಕೆರಡು ಗಂಟೆ ಬಿಡುವು ಕೊಡುವ ಮಾಲಕರು, ಸಂಬಳ ತುಸು ಕಡಿಮೆಯಾದರೂ ಮೇಲು.

ವಿದ್ಯಾರ್ಥಿಗಳೆ, ಕನ್ನಡ ಮಾಧ್ಯಮದ ನಿಮಗೊಂದು ಮಾತು. ಸಿ.ಎ. ಪರೀಕ್ಷೆಯ ಉತ್ತರಗಳನ್ನು ಇಂಗ್ಲಿಷಿನಲ್ಲಿ ಇಲ್ಲವೆ ಹಿಂದಿಯಲ್ಲಿ ಬರೆಯಬೇಕು. ಇದಕ್ಕೆ ಅಂಜಬೇಡಿರಿ. ಆಸ್ತಿ, ಹೊಣೆ, ಸವಕಳಿ, ಅಢಾವೆ ಪತ್ರಿಕೆ ಎಂಬುವುಗಳ ಅರ್ಥ ತಾಯ್ನುಡಿಯಲ್ಲಿ ಒಮ್ಮೆ ಮನಸ್ಸಿಗೆ ಇಳಿದರೆ ಬೇರೆ ಭಾಷೆಯ ಹೆಸರು ಕಲಿಯುವುದು ಹೊರೆಯಾಗದು. ಇಂದಿನಿಂದಲೇ ಪ್ರತಿಯೊಂದು ಶಬ್ದಕ್ಕೂ ಎರಡು ಭಾಷೆಗಳ ಹೆಸರನ್ನು ವಹಿಯಲ್ಲಿ ಬರೆದಿಡಿರಿ.

ಕೊನೆಗೆ, ಮಗನಿಗೆ ಒಂದು ಲೆಕ್ಕ, ಮಗಳಿಗೆ ಇನ್ನೊಂದು ಲೆಕ್ಕ ಮಾಡಬಾರದು. ಮಗನಿಗೆ ಓದಲು ಬಿಡುವು ಕೊಟ್ಟು, ಮಗಳಿಗೆ ಓದಿನ ಜೊತೆಗೆ ಮನೆಗೆಲಸವನ್ನೆಲ್ಲ ಹೊರಿಸಿದರೆ ಅದೂ ಸಂಬಳವಿಲ್ಲದ ನೌಕರಿಯೇ. ಅವಳ 168 ಗಂಟೆಗಳನ್ನೂ ಇಂದು ರಾತ್ರಿ ಒಂದು ಹಾಳೆಯ ಮೇಲೆ ಬರೆದು ನೋಡಿರಿ.